ಮದುಮಗನನ್ನು ಕುರಿಹಟ್ಟಿಗೆ ತಂದ ಸುಂದ್ರವ್ವ

ರಾಯಬಾಗ ಕಡೆಯ ಕುರಿಗಾರರ ಸುಂದ್ರವ್ವನಿಗೆ ಮಾತಾಡುತ್ತ ನಡೆಯುವುದು ಗೊತ್ತಿತ್ತು, ಸುಮ್ಮನೆ ನಡೆಯುವುದು ಗೊತ್ತಿರಲಿಲ್ಲ. ಗಂಡ ಕಾಮಣ್ಣ ಕುರಿ ನೋಡಿಕೊಳ್ಳುತ್ತಿದ್ದ. ಉಳಿದ ಜಗತ್ತನ್ನೆಲ್ಲ ಆಕೆ ನೋಡಿಕೊಳ್ಳುತ್ತಿದ್ದಳು.

ಮಳೆಗಾಲದ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತದೆಂದು ಅವರು ಅಥಣಿಯಾಚೆಯ ಒಣ ಸೀಮೆಗೆ ಹೋಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ಪಡುವಣಕ್ಕೆ ತಿರುಗಿ ಅಕ್ಕೋಳದ ಹೊಲಗಳಿಗೆ ಬರುತ್ತಿದ್ದರು. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿ ತರುಬಿ ಕೂರಿಸಿದರೆ ಹಿಕ್ಕೆ, ಗಂಜಲವೆಲ್ಲ ನೆಲಕ್ಕೆ ಗೊಬ್ಬರ. ಕುರಿಗಾರರಿಗೆ ಜೋಳದ ಚೀಲ. ಯಾರ ಹೊಲ, ಎಷ್ಟು ಜೋಳ ಎಂಬ ಚೌಕಾಶಿಯೆಲ್ಲ ಸುಂದ್ರವ್ವನದು. ಕನ್ನಡದಲ್ಲಿ ಸೋಲದ ರೈತನನ್ನು ಮರಾಠಿಯಲ್ಲಿ ಸೋಲಿಸುತ್ತಿದ್ದಳು.

ಜನ ಕಂಬಳಿ ಬಿಟ್ಟು ಸೋಲಾಪುರದ ಚಾದರ ಹೊದೆಯತೊಡಗಿದಾಗ ಉಣ್ಣೆ ಕೇಳುವವರು ಇಲ್ಲವಾದರು. ಕಾಮಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಸುಂದ್ರವ್ವ ಟಗರುಮರಿಗಳನ್ನು ಕೊಬ್ಬಿಸಿ ಮಿರಜಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದಳು. ಗಂಟುಮೂಟೆ ಹೊರುತ್ತಿದ್ದ ಬಿಳಿ ಕುದುರೆ ಚಂದ್ರಿಯನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡತೊಡಗಿದಳು. ಮದುಮಗನಿಗೂ ಹಿಟ್ಟಿನ ಚೀಲಕ್ಕೂ ಚಂದ್ರಿ ಅಂಥ ವ್ಯತ್ಯಾಸವನ್ನೇನೂ ಎಣಿಸಲಿಲ್ಲ.

ತೊಂಬತ್ತೆರಡರ ಬೇಸಿಗೆಯಲ್ಲಿ ಅಕ್ಕೋಳದ ಆಬಾಸಾಹೇಬರ ಮಗ ಧನಪಾಲನ ಮದುವೆ. ಹಳ್ಳದ ದಂಡೆಯ ಅವರ ಹೊಲದಲ್ಲೇ ವರ್ಷವೂ ಸುಂದ್ರವ್ವನ ಕುರಿ ಕೂರುತ್ತಿದ್ದವು. ಧನಪಾಲ ಅಲ್ಲಿಗೆ ಹೊಸದಾಗಿ ನೀರಿನ ಪೈಪು ಎಳೆಸಿದ್ದ. ಆಷಾಢದಲ್ಲಿ ಇಡೀ ಹೊಲಕ್ಕೆ ಕಬ್ಬು ಹಚ್ಚುವವನಿದ್ದ. ಕಬ್ಬು ಒಮ್ಮೆ ನಿಂತರೆ ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಸುಂದ್ರವ್ವ ಈ ಮಾತೆತ್ತಲು ಹೋದಾಗಲೆಲ್ಲ ಅವನಿಗೆ ಏನೋ ಕೆಲಸ ಇರುತ್ತಿತ್ತು. ಈಗ ಅವನು ಆಕೆಯ ಕುದುರೆಯ ಮೇಲೇ ಕೂತಿದ್ದ, ಮುಖದ ತುಂಬ ಹೂಮಾಲೆ ಇಳಿಬಿಟ್ಟುಕೊಂಡು. ಲಗಾಮು ಆಕೆಯ ಕೈಯಲ್ಲಿತ್ತು.

ಹಿಂದೆ ಬ್ಯಾಂಡು ಶುರುವಾಯಿತು. ಸುಂದ್ರವ್ವನೂ ಶುರು ಮಾಡಿದಳು.

“ಸಾವಕಾರ್ರ, ಹೊಲದ ಮಾತ ಅರ್ಧಕ್ಕ ನಿಂತೈತಿ.”

“ಸುಂದ್ರವ್ವಾ, ಇವತ್ತ ನಂದು ಲಗ್ನ ಐತಿ ಬೇ.”

“ಆಗ್ಲಿ ಬಿಡ್ರಿ, ಯಾರ ಬ್ಯಾಡ ಅಂದಾರ? ಹೊಲಕ್ಕ ನೀರ ಕೊಟ್ರಿ, ಉಣ್ಣಾಕ ಏನ ಕೊಡ್ತೀರಿ?”

“ಯೂರಿಯಾ.”

“ಯೂರಿಯಾ ಅಂದ್ರ ಚಹಾ ಇದ್ದಂಗರಿ. ಹೊತ್ತ ಮುಣಗೂದ್ರಾಗ ಮತ್ತ ಬೇಡತೈತಿ.”

“ನಾ ಆಷಾಢದಾಗ ಕಬ್ಬ ಹಚ್ಚಾವ. ಆವಾಗ ನಿನ್ನ ಕುರಿ ಅಥಣ್ಯಾಗ ಇರತಾವು. ಅಲ್ಲಿಂದ ಹಿಕ್ಕಿ ಒಗೀತಾವೇನು?”

ಇದಕ್ಕೆ ಉತ್ತರ ಹುಡುಕುವುದರಲ್ಲಿ ಸುಂದ್ರವ್ವ ಮುಳುಗಿದಳು. ಊರಬಾಗಿಲ ಅಗಸಿಯ ಹತ್ತಿರ ಎಡಕ್ಕೆ ಹೋದರೆ ಮದುವೆ ನಡೆಯುವ ಬಸದಿ, ಬಲಕ್ಕೆ ಹೋದರೆ ಹಳ್ಳದ ದಾರಿ. ಆಕೆಯ ಕಾಲು ರೂಢಿಯಂತೆ ಬಲಕ್ಕೆ ಹೊರಳಿತು, ಚಂದ್ರಿಯೂ ಹೊರಳಿತು. ಬ್ಯಾಂಡಿನವರು ಕುದುರೆಯ ಬಾಲ ನೋಡಿಕೊಂಡು ಬಂದರು. ನೆಂಟರು ಬ್ಯಾಂಡು ಕೇಳಿಕೊಂಡು ಬಂದರು.

ಹಳ್ಳದ ಹೊಲದಲ್ಲಿದ್ದ ಕುರಿಗಳೆಲ್ಲ ಡೋಲಿಗೆ ಬೆದರಿ ದಿಕ್ಕಾಪಾಲಾದಾಗಲೇ ಸುಂದ್ರವ್ವ ತಲೆಯೆತ್ತಿದ್ದು. ಎದುರಿಗೆ ಕಾಮಣ್ಣ ಬಾಯಿ ತೆರೆದು ನಿಂತಿದ್ದ.

“ಏನಬೇ ಇದು! ಮಾತಾಡಿ ಬಾ ಅಂದ್ರ ಸಾವಕಾರನ್ನ ಹೊತಗೊಂಡ ಬಂದೀಯಲ್ಲಾ!”

ಧೋತರ ಎತ್ತಿಕೊಂಡು ಏದುಸಿರು ಬಿಡುತ್ತ ಆಬಾಸಾಹೇಬರು ಬಂದರು. “ಮುಹೂರ್ತ ಮೀರಾಕತ್ತೈತಿ! ಬಸದಿ ಎಲ್ಲಿ, ಇದು ಎಲ್ಲಿ?”

“ಹೊಸಾ ಸಂಸಾರ ಹೂಡಾವ್ರು ಮೊದಲ ಹೊಲಕ್ಕ ಕೈ ಮುಗೀಬೇಕಲ್ರಿ,” ಎಂದಳು ಸುಂದ್ರವ್ವ, ಕಣ್ಣು ಪಿಳುಕಿಸದೆ. “ಅದಕ್ಕ ತಂದೆ.”

ಧನಪಾಲ ಹೂಮಾಲೆ ಸರಿಸಿ ನೋಡಿದ. ಮೈ ಕುಲುಕಿಸಿ ನಗತೊಡಗಿದ. “ಅಪ್ಪಾ, ಆಕೀ ಕೂಡ ಮಾತಿಗೆ ನಿಂತ್ರ ಸಂಜೀತನಾ ಇಲ್ಲೇ. ಸುಂದ್ರವ್ವಾ, ಕಬ್ಬ ಸಂಕ್ರಾಂತಿ ಆದ ಮ್ಯಾಲ ಹಚ್ಚತೀನಿ. ದೀಪಾವಳಿಗೆ ಎಲ್ಲಾರಕಿಂತ ಮೊದಲ ನನ್ನ ಹೊಲಕ್ಕ ಬರಬೇಕು, ಸಂಕ್ರಾಂತಿಗೆ ಎದ್ದ ಹೋಗಬೇಕು. ಈಗ ಬಾಯಿ ಮುಚಗೊಂಡ ನಡಿ!”

ಲಗಾಮನ್ನು ಕಾಮಣ್ಣ ಹಿಡಿದ. ಸುಂದ್ರವ್ವ ಬಸದಿಯವರೆಗೆ ಬಾಯಿ ಮುಚ್ಚಿಕೊಂಡೇ ನಡೆದಳು. ಆ ದಾರಿ ಅಷ್ಟು ಉದ್ದವೆಂದು ಆಕೆಗೆ ಗೊತ್ತೇ ಇರಲಿಲ್ಲ. ಮುಹೂರ್ತ ಕೂದಲೆಳೆಯಷ್ಟು ಉಳಿದಿತ್ತು.

ದೀಪಾವಳಿಗೆ ಕುರಿ ಬಂದು ಹೊಲದಲ್ಲಿ ಕೂತವು. ಒಂದು ಮುಂಜಾನೆ ಧನಪಾಲನ ಹೆಂಡತಿ ಮಂಗಲ ಬದುವಿನ ಮೇಲೆ ಬಂದು ನಿಂತಳು.

“ಬಸದಿ ಮುಂದ ಹೂವಿನ ಮಾಲಿ ಹಿಡಕೊಂಡ ನಿಂತ ನಿಂತ ನನ್ನ ಕಾಲ ಸೋತಿದ್ವು. ತಡಾ ಮಾಡಿದಾಕಿ ನೀನ ಏನ?”

ಸುಂದ್ರವ್ವ ಗಂಡನತ್ತ ನೋಡಿದಳು. ಅವನು ಕುರಿಗಳತ್ತ ನೋಡಿದ.

“ನಾನರಿ ಯವ್ವಾ. ದಾರಿ ತಪ್ಪಿತ್ತು.”

ಇಂಥ ಮಾತು ಆಕೆಯ ಬಾಯಿಂದ ಬಂದದ್ದನ್ನು ಕಾಮಣ್ಣ ಅಲ್ಲಿಯವರೆಗೆ ಕೇಳಿರಲಿಲ್ಲ. ಮಂಗಲ ನಕ್ಕು ಒಂದು ಮರಿಯನ್ನು ಎತ್ತಿಕೊಂಡು ಕೂತಳು, ಬಿಸಿಲೇರುವವರೆಗೂ ಏಳಲಿಲ್ಲ. ಮಾತಿನಲ್ಲಿ ಆಕೆಯೂ ಕಡಿಮೆಯವಳಲ್ಲ ಎಂದು ಸುಂದ್ರವ್ವನಿಗೆ ಆ ಹೊತ್ತಿಗೆ ತಿಳಿದಿತ್ತು.

ಹಿಕ್ಕೆ ಉಂಡ ಧನಪಾಲನ ಕಬ್ಬು ನೋಡಿ ಮರುವರ್ಷ ಊರಿನ ಇನ್ನೂ ನಾಲ್ಕಾರು ಮಂದಿ ಮೊದಲು ಕುರಿ ಕೂರಿಸಲೆಂದು ಕಬ್ಬಿನ ನಾಟಿಯನ್ನು ಸಂಕ್ರಾಂತಿಯಾಚೆಗೆ ತಳ್ಳಿದರು. ಸುಂದ್ರವ್ವ ಹಿಕ್ಕೆಯನ್ನು ಚೀಲಕ್ಕೆ ತುಂಬಿ ಕಾಗವಾಡದ ದ್ರಾಕ್ಷಿ ತೋಟದವರಿಗೂ ಮಾರತೊಡಗಿದಳು, ಅದನ್ನೂ ಎರಡು ಭಾಷೆಗಳಲ್ಲಿ.