ನಮ್ಮದೇ ಕಾರಿಗೆ ಬೈರಾಸು ಹಾಕಿದೆ

ಮೊನ್ನೆ ಭಾನುವಾರ ನಾನು ಮಗನ ಕಾರಿನ ಸೀಟಿಗೆ ಬೈರಾಸು, ಅಂದರೆ ಟವೆಲ್ಲು, ಹಾಕಿ ಜಾಗ ಹಿಡಿದೆ.

ನಗಬೇಡಿ ಮಕ್ಕಳೇ. ನಮ್ಮ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಬೈರಾಸು ಒಳಗೆ ಎಸೆದರೆ ಆ ಸೀಟು ನಮ್ಮದು. ನಮ್ಮ ಯಜಮಾನರು ಇರುವಷ್ಟು ದಿನ ಕುಂದಾಪುರ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಿಟಕಿ ಸೀಟು ಸಿಗುತ್ತಿದ್ದದ್ದು ಹಾಗೆ. ಈಗ ಕೇಳುವವರಿಲ್ಲ, ಕೇಳಿ ಪಡೆಯುವ ಬಾಯಿಯೂ ನನಗಿಲ್ಲ. ಕೊಟ್ಟಲ್ಲಿ ಕೂರುತ್ತೇನೆ.

ಅವತ್ತು ಕೊಕ್ಕರ್ಣೆಯಿಂದ ಬೈಂದೂರಿನ ಕಡಲಿಗೆ ಹೊರಟೆವು. ಮುಂದೆ ಮಗ, ಸೊಸೆ. ಹಿಂದೆ ಎಡಗಡೆ ಸೊಸೆಯ ತಾಯಿ, ಬಲಗಡೆ ನಾನು, ನಡುವೆ ಮೊಮ್ಮಗಳು ಧನ್ವಿ, ಅವಳ ತಮ್ಮ ಶಮಂತ. ನಾನು ಅಜ್ಜಿ, ಅವರು ಅಮ್ಮಮ್ಮ. (ಆ ಹೆಸರಲ್ಲೇ ಇಬ್ಬರು ಅಮ್ಮಂದಿರಿದ್ದಾರೆ. ಹೊಟ್ಟೆ ಉರಿಯದೇ?)

ನಾನು ಬೆಳಿಗ್ಗೆ ಬೇಗ ಎದ್ದು ಕೊಟ್ಟೆ ಕಡುಬು ಬೇಯಿಸಿದ್ದೆ. ಅಮ್ಮಮ್ಮ ತಂದದ್ದು ಒಂದು ಪರ್ಸ್, ಮತ್ತೊಂದು ಆಟ.

"ಸಂಕ ಬಂದ್ರೆ ಈ ಬದಿಯಿಂದ ಆ ಬದಿ ವರಿಗೆ ಉಸ್ರ್ ಬಿಡುಕಿಲ್ಲೆ. ಬಿಟ್ಟವ್ರ್ ಸೋತ್ರ್!"

ಬ್ರಹ್ಮಾವರ ದಾಟಿ ಮೊದಲ ಸೇತುವೆ ಬಂತು. ಮಕ್ಕಳು ಕೆನ್ನೆ ಉಬ್ಬಿಸಿ ಕೂತರು. ಶಮಂತನ ಮುಖ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ.

"ಏ ಮಾಣಿ, ಉಸ್ರ್ ಬಿಡ್! ಎಂತಾರೂ ಆತ್!"

ಅವನು ಬಿಟ್ಟ. ಸೋತ. ಅತ್ತ. "ಅಜ್ಜಿ, ನೀನ್ ಎಂತಕ್ ಮಾತಾಡ್ದೆ?" ಎಂದು ಧನ್ವಿ ನನ್ನನ್ನೇ ಬೈದಳು. ಕಡುಬು ಕೊಡಲು ಹೋದೆ. ಬ್ಯಾಡ. ನೀರು? ಬ್ಯಾಡ. ಕೈ ಹೊರಗೆ ಹಾಕಬೇಡ ಎಂದೆ. ಗ್ಲಾಸ್ ಮುಚ್ಚಿತ್ತು!

ಮರವಂತೆಯಲ್ಲಿ ನನ್ನ ಸೋಲು ಪೂರ್ತಿಯಾಯಿತು. ನಿಮಗೆ ಗೊತ್ತಲ್ಲ, ಅಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಕಡಲು ಬಂದದ್ದು ಅಮ್ಮಮ್ಮನ ಕಿಟಕಿಗೆ. "ಯಾವ ಅಲೆ ದೊಡ್ಡ ಕಲ್ಲಿಗ್ ಮೊದ್ಲ್ ಹೊಡಿತ್ತ್ ಕಾಣಿ!" ಎಂದರು. ಇಬ್ಬರೂ ಅವರ ಮಡಿಲ ಮೇಲೆ. ನನ್ನ ಪಕ್ಕ ಕಡುಬಿನ ಡಬ್ಬಿ ಮಾತ್ರ.

ಅವರಿಗೆ ಒಳ್ಳೆ ಸೀಟು ಸಿಕ್ಕಿತು, ಅದಕ್ಕೇ ಹೀಗೆ. ಬೈಂದೂರಿನ ಮರಳಲ್ಲಿ ಕೂತು ನಾನು ಯೋಚಿಸಿದ್ದು ಇಷ್ಟೇ. ಹಾಗಾಗಿ ಹೊರಡುವಾಗ ಎಲ್ಲರಿಗಿಂತ ಮೊದಲು ಹೋಗಿ, ಎಡಗಡೆಯ ಸೀಟಿಗೆ ಬೈರಾಸು ಹಾಸಿದೆ.

ಅಮ್ಮಮ್ಮ ಬಾಗಿಲು ತೆರೆದು ನಿಂತರು. "ಹ್ವಾಯ್ ಅತ್ಗೆ, ಇದೆಂತ? ಮಗನ್ ಕಾರಿಗೂ ಬೈರಾಸ್ ಹಾಕ್ತ್ರ್ಯಾ?"

"ನಂಗ್ ಆ ಬದಿ ಕೂತ್ರೆ ತಲೆ ತಿರ್ಗತ್ತ್" ಎಂದೆ. ಹಸಿ ಸುಳ್ಳು.

ಮರವಂತೆ ಬಂತು. ಗ್ಲಾಸ್ ಇಳಿಸಿ, ಸೆರಗು ಸರಿ ಮಾಡಿ, ಕಡಲಿಗೆ ಕಾದೆ. ಬಂದದ್ದು ಹೊಳೆ!

ಕಾರು ತಿರುಗಿದರೆ ಕಡಲೂ ಬದಿ ಬದಲಿಸುತ್ತದೆ ಎಂದು ಹೊಟ್ಟೆಕಿಚ್ಚಿನಲ್ಲಿ ಹೊಳೆದಿರಲಿಲ್ಲ. ಮಕ್ಕಳು ಮತ್ತೆ ಅಮ್ಮಮ್ಮನ ಮೈಮೇಲೆ. ಅವರು ನನ್ನನ್ನು ನೋಡಿ ನಕ್ಕರು. ನನಗೆ ಅಳು ಬಂತು. ಮುಖ ಹೊಳೆಯ ಕಡೆ ತಿರುಗಿಸಿದೆ.

ಭಾನುವಾರದ ವಾಹನಗಳ ಸಾಲಿನಲ್ಲಿ ಕಾರು ತೆವಳುತ್ತಿತ್ತು. ಸೊಂಟದವರೆಗಿನ ನೀರಿನಲ್ಲಿ ಒಬ್ಬಳು ಹೆಂಗಸು ಒಂದೊಂದೇ ಹೆಜ್ಜೆ ಸರಿಯುತ್ತಿದ್ದಳು.

"ಅಯ್ಯೋ, ಬೇಗ ಮೇಲ್ ಬರ್ಕ್ ಅವ್ಳ್. ನೀರ್ ಏರ್ತಾ ಇತ್ತ್" ಎಂದೆ. ಯಾರಿಗೂ ಹೇಳಿದ್ದಲ್ಲ.

"ಯಾರ್ ಅಜ್ಜಿ? ಎಂತ ಮಾಡ್ತಿದ್ಳ್?" ಧನ್ವಿ ತಿರುಗಿದಳು.

"ಚಿಪ್ಪ್ ಹೆಕ್ತಿದ್ಳ್. ಕಣ್ಣಿಗ್ ಕಾಣ್ತಿಲ್ಲೆ ಅದ್. ಕಾಲ್ ಬೆರಳಗೇ ಹುಡ್ಕೂದ್."

"ನಿಂಗ್ ಹ್ಯಾಂಗ್ ಗೊತ್ತ್?"

"ನಾನೂ ಹೆಕ್ಕಿದೆ, ನಿನ್ನಷ್ಟ್ ಸಣ್ಣಕ್ ಇಪ್ಪತಿಗೆ. ಒಂದ್ಸಲ ಚಿಪ್ಪ್ ಅಂದ್ಕಂಡ್ ಏಡಿ ಮೆಟ್ಟಿದೆ. ಅದ್ ಕಚ್ಚಿ ಹಿಡ್ದದ್ ಬಿಡ್ಲೇ ಇಲ್ಲ. ಏಡಿ ಸಮೇತ ಶಾಲೆ ವರಿಗೆ ಓಡಿದ್ದೆ."

ಧನ್ವಿಯ ಮೊಣಕೈ ನನ್ನ ತೊಡೆಯ ಮೇಲೆ ಬಂತು. ಶಮಂತ ಚಪ್ಪಲಿ ಕಳಚಿ ಕಾಲ್ಬೆರಳಲ್ಲಿ ಮ್ಯಾಟ್ ಕೆದಕತೊಡಗಿದ. "ನಂಗೊಂದ್ ಸಿಕ್ತ್!" ಎಂದು ಹಿಡಿದು ಎತ್ತಿದ್ದು ಅಮ್ಮಮ್ಮನ ಹೇರ್‌ಪಿನ್.

ನಾವು ದೊಡ್ಡವರು ಮಕ್ಕಳನ್ನು ಲಗೇಜಿನಂತೆ ಒಯ್ಯುತ್ತೇವೆ. ಬೀಳದಂತೆ, ಒಡೆಯದಂತೆ, ಚೆಲ್ಲದಂತೆ. ತಿನ್ನಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಅವರಿಗೆ ಬೇಕಿರುವುದು ಕಣ್ಣಿಗೋ ಕಾಲಿಗೋ ಒಂದು ಕೆಲಸ, ಜೊತೆಗೆ ಬಾಯಿ ಬಿಡುವ ಒಬ್ಬ ಅಜ್ಜಿ. ಬೀಗಿತಿಗೆ ಇದು ಮೊದಲೇ ಗೊತ್ತಿತ್ತು. (ಒಪ್ಪಿಕೊಳ್ಳಲು ಕಷ್ಟವಾಗುತ್ತಿದೆ. ಆದರೂ ಬರೆದಿದ್ದೇನೆ.)

ಅಷ್ಟರಲ್ಲಿ ಆ ಕಡೆಯಿಂದ ಸಣ್ಣ ದನಿ. "ಅತ್ಗೆ, ಚೂರ್ ಬಗ್ಗಿ ಕಾಂಬ. ಆ ಹೆಂಗ್ಸ್ ನಂಗ್ ಕಾಣ್ತಿಲ್ಲೆ."

ಬೆನ್ನ ಹಿಂದಿದ್ದ ಕಡಲನ್ನು ಬಿಟ್ಟು ಅವರು ಕತ್ತು ಚಾಚುತ್ತಿದ್ದರು. ನಾನು ಬಗ್ಗಲಿಲ್ಲ. ಇನ್ನಷ್ಟು ನೆಟ್ಟಗೆ, ಕಿಟಕಿ ತುಂಬ ಕೂತೆ.

ಅಷ್ಟೆಲ್ಲ ಒಳ್ಳೆಯವಳಾಗಲು ನನಗೆ ಒಂದೇ ದಿನದಲ್ಲಿ ಸಾಧ್ಯವೇ?