ಬೇಕರಿಯ ಖಾಲಿ ಕುರ್ಚಿ

ನನ್ನ ಹೆಂಡತಿ ನನ್ನನ್ನು ಅನುಮಾನದ ಪಿಶಾಚಿ ಎಂದೇ ಕರೆಯುತ್ತಿದ್ದಳು. ಹಾಲಿನವನು, ಲಿಫ್ಟ್ ರಿಪೇರಿಯವನು, ಕಾಲೇಜಿನ ಸಹೋದ್ಯೋಗಿಗಳು, ಯಾರನ್ನೂ ನಾನು ಬಿಟ್ಟವನಲ್ಲ. ಆದರೆ ಮೇಲಿನ ಮಹಡಿಯ ಫಿಲಿಪೀನ್ಸ್ ಹೆಂಗಸನ್ನು ಶಂಕಿಸಲು ಆರು ವರ್ಷ ಒಂದು ಕಾರಣವೂ ಸಿಕ್ಕಿರಲಿಲ್ಲ.

ಆಕೆ ನಾವಿದ್ದ ಪರದೇಶದ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್. ಹೆಂಡತಿಯ ಮಂಡಿನೋವಿಗೆ ವ್ಯಾಯಾಮ ಹೇಳಿಕೊಡಲು ಬಂದವಳು ಮನೆಯವಳೇ ಆಗಿಬಿಟ್ಟಳು. ನನ್ನ ಹೆಂಡತಿಯನ್ನು ‘ಆತೆ’ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ. ಇವಳು ಚಿತ್ರಾನ್ನ ಕಲಿಸಿದಳು, ಆಕೆ ತೆಂಗಿನಹಾಲಿನಲ್ಲಿ ಅಕ್ಕಿ ಬೇಯಿಸಿ ಮಾಡುವ ಸಿಹಿ ಕಲಿಸಿದಳು. ಇಬ್ಬರೂ ಸೇರಿ ನನ್ನನ್ನು ಗೇಲಿ ಮಾಡುತ್ತಿದ್ದರು.

ಅದೇ ಊರಿನ ಪಂಗಾನಿಯ ದೊಡ್ಡ ಹೆದ್ದಾರಿ ಇನ್ನೂ ಹೊಸದಾಗಿದ್ದ ಕಾಲ. ಹೆಂಡತಿ ತೀರಿಕೊಂಡಳು. ಅವಳ ಕಿವಿಯ ಓಲೆ ಬಿಚ್ಚಲು ನನ್ನಿಂದಾಗಲಿಲ್ಲ. ಬಿಚ್ಚಿದವಳು ಮೇಲಿನ ಮನೆಯಾಕೆ. ಸಂಸ್ಕಾರ ಮುಗಿಸಿ ಬಂದು ಬೀರುವೆಲ್ಲ ಹುಡುಕಿದೆ, ಓಲೆ ಇಲ್ಲ. ಮದುವೆಯ ದಿನದಿಂದ ಅವಳ ಮೈ ಬಿಟ್ಟಿರದ ವಸ್ತು ಅದೊಂದೇ. ಅದು ನನಗೆ ಬೇಕಿತ್ತು.

ಆ ಸಂಜೆ ಆಕೆ ನಮ್ಮ ಮನೆಯಲ್ಲಿ ಒಂದು ಗಂಟೆ ಕೂತು ಹೊರಟಳು. ಬಾಲ್ಕನಿಯಿಂದ ನೋಡಿದೆ. ಮೆಟ್ಟಿಲು ಹತ್ತಲಿಲ್ಲ, ಕೈಚೀಲ ಅವುಚಿಕೊಂಡು ಗೇಟು ದಾಟಿದಳು. ಮರುದಿನವೂ ಹಾಗೆಯೇ. ಒಂದು ಮಹಡಿ ಮೇಲಿನ ಮನೆಗೆ ಹೋಗುವವಳಿಗೆ ಬೀದಿಯಲ್ಲಿ ಏನು ಕೆಲಸ? ಯಾವ ಚಿನ್ನದಂಗಡಿಯವನ ಜೊತೆ ಮಾತಾಗಿದೆಯೋ ಎಂದು ರಕ್ತ ಕುದಿಯಿತು. ಮೂರನೆಯ ಸಂಜೆ ಹಿಂದೆಯೇ ಹೋದೆ.

ಆಕೆ ತಿರುವಿನ ಬೇಕರಿಗೆ ಹೋಗಿ, ಚಹಾ ತಗೊಂಡು, ಸುಮ್ಮನೆ ಕೂತಳು. ಎದುರಿನ ಕುರ್ಚಿ ಖಾಲಿಯಿತ್ತು.

“ಓಲೆ ಎಲ್ಲಿ?” ಎಂದೆ, ಇಂಗ್ಲಿಷಿನಲ್ಲಿ, ನಿಂತುಕೊಂಡೇ.

ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. “ದೇವರ ಗೂಡಲ್ಲಿದೆ ಸರ್, ಕುಂಕುಮದ ಡಬ್ಬೀಲಿ. ಅಲ್ಲೇ ಇಡು, ದೀಪ ಹಚ್ಚೋವಾಗ ಅವರಿಗೆ ಸಿಗುತ್ತೆ ಅಂತ ಆತೆ ಮೊದಲೇ ಹೇಳಿದ್ರು. ನೀವು ನೋಡ್ಲಿಲ್ವಾ?”

ಸೂತಕದಲ್ಲಿ ನಾವು ದೇವರ ಗೂಡು ಮುಟ್ಟುವುದಿಲ್ಲ. ಅದು ಆಕೆಗೆ ಹೇಗೆ ಗೊತ್ತಿರಬೇಕು? ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಹಾಳು ಬುದ್ಧಿ, ಕೇಳಿಯೇಬಿಟ್ಟೆ. “ಮತ್ತೆ ದಿನಾ ಇಲ್ಲಿಗ್ಯಾಕೆ ಬರ್ತೀರಿ?”

ಆಕೆ ಕಪ್ಪನ್ನೇ ನೋಡುತ್ತ ಹೇಳಿದಳು. “ನಮ್ಮಲ್ಲಿ ಸಾವಿನ ಮನೆಯಿಂದ ನೇರ ಮನೆಗೆ ಹೋಗಲ್ಲ ಸರ್. ಬೇರೆಲ್ಲಾದ್ರೂ ಸ್ವಲ್ಪ ಹೊತ್ತು ಕೂತು ಹೋಗ್ತೀವಿ. ಇಲ್ಲದಿದ್ರೆ ಹೋದವರು ಹಿಂದೆಯೇ ಬರ್ತಾರಂತೆ. ಆತೆ ಅಂದ್ರೆ ನಂಗೆ ಭಯ ಇಲ್ಲ. ಅಮ್ಮ ಕಲಿಸಿದ್ದು, ಬಿಡೋಕಾಗ್ತಿಲ್ಲ.”

ಸಿಟ್ಟು ಬಂತು. ನನ್ನವಳು ಹಿಂದೆ ಬಂದರೆ ಇವಳಿಗೇನು ಕಷ್ಟ? ಹಾಗೆಂದುಕೊಳ್ಳುತ್ತಲೇ ಎದುರಿನ ಕುರ್ಚಿಯತ್ತ ಕಣ್ಣು ಹೋಯಿತು. ಹಾಗಾದರೆ ಮೂರು ಸಂಜೆಯಿಂದ ಇವಳು ನನ್ನವಳನ್ನು ಇಲ್ಲಿಯೇ ಬಿಟ್ಟು ಹೋಗುತ್ತಿದ್ದಾಳೆ. ಯಾವುದನ್ನೂ ನಂಬದ ನಾನು ಅದನ್ನು ಮಾತ್ರ ಆ ಕ್ಷಣ ನಂಬಿದೆ.

ಆಕೆ ಆ ಕುರ್ಚಿಯನ್ನು ನನ್ನ ಕಡೆ ಸರಿಸಿ, “ನೀವೂ ಕೂತ್ಕೊಳ್ಳಿ ಸರ್, ಆಮೇಲೆ ಹೋಗೋಣ” ಎಂದಳು.

ಕೂರಲಿಲ್ಲ. “ಬಾರೇ, ಮನೆಗೆ ಹೋಗೋಣ” ಎಂದೆ, ಕನ್ನಡದಲ್ಲಿ, ಆ ಕುರ್ಚಿಗೆ. ಮನೆಯಲ್ಲಿ ಹಾಲಿರಲಿಲ್ಲ, ಆದರೂ ದಾರಿಯ ಅಂಗಡಿಯಲ್ಲಿ ನಿಲ್ಲಲಿಲ್ಲ. ನೇರ ಬಂದು ಬಾಗಿಲು ತೆಗೆದೆ, ಒಳಗೆ ಹೋದೆ, ತುಂಬ ಹೊತ್ತು ಅದನ್ನು ಮುಚ್ಚಲಿಲ್ಲ.