ಮಡಿಲಕ್ಕಿ ಕಟ್ಟಿ ಹೆಸರು ತೆಗೆಸಿದ ದಿನ

ಮೊನ್ನೆ ಬುಧವಾರ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಶೇಂಗಾ ಚಟ್ನಿಗೆ ಮಿಕ್ಸಿ ಹಾಕಿದೆ. ಕರೆಂಟ್ ಹೋಯಿತು. (ನಮ್ಮ ಚಳ್ಳಕೆರೆಯ ಕರೆಂಟಿಗೆ ಚಟ್ನಿಯ ಹೊತ್ತು ಚೆನ್ನಾಗಿ ಗೊತ್ತು.)

ಅಷ್ಟರಲ್ಲಿ ಪಾತ್ರೆ ತೊಳೆಯುವ ಓಬಕ್ಕ ಬಂದಳು. ದಿನವೂ ಬಂದವಳೇ ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಲ್ಲುವವಳು, ಅವತ್ತು ಇಸ್ತ್ರಿ ಸೀರೆ ಉಟ್ಟು ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ದೇವಸಮುದ್ರಕ್ಕೆ ಹೊಂಟೀನಿ. ನೀವೂ ಬರ್ರಿ. ನಮ್ಮವ್ವ ನಿಮ್ಮ ಮಾತಾದ್ರೂ ಕೇಳ್ತಾಳೆ."

ವಿಷಯ ರೇಷನ್ ಕಾರ್ಡಿನದು. ಓಬಕ್ಕನ ದೊಡ್ಡ ಮಗಳು ಆಗಲೇ ಶಾಲೆಗೆ ಹೋಗುತ್ತಾಳೆ. ಓಬಕ್ಕನ ಹೆಸರು ಮಾತ್ರ ಇನ್ನೂ ದೇವಸಮುದ್ರದ ತವರಿನ ಕಾರ್ಡಿನಲ್ಲೇ ಇದೆ. ಅಲ್ಲಿ ತೆಗೆಸದೆ ಇಲ್ಲಿ ಗಂಡನ ಮನೆಯ ಕಾರ್ಡಿಗೆ ಸೇರಿಸುವುದಿಲ್ಲ. ತಾಯಿಯ ಹೆಸರು ಬರದೆ ಮಕ್ಕಳಿಬ್ಬರ ಹೆಸರೂ ಬರುವುದಿಲ್ಲ. ಗಂಡ, ಅತ್ತೆ ಇಬ್ಬರಿಗೆ ಸಿಗುವ ಅಕ್ಕಿಯಲ್ಲಿ ಐದು ಹೊಟ್ಟೆ ತುಂಬಬೇಕು. ಗಂಡ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ. ಮಿಲ್ಲು ನಡೆದ ದಿನ ಕೂಲಿ, ನಿಂತ ದಿನ ಇಲ್ಲ.

ಹೆಸರು ತೆಗೆಸಲು ಇಷ್ಟು ವರ್ಷ ಏನು ಅಡ್ಡಿ? ಅವಳ ಅವ್ವ. ಆ ಕಾರ್ಡಿಗೆ ಯಜಮಾನಿ ಅವಳೇ. ಅವಳ ಹೆಬ್ಬೆಟ್ಟಿಲ್ಲದೆ ಏನೂ ನಡೆಯದು.

ಹೋದೆವು. ಓಬಕ್ಕನ ಅವ್ವ ತಿಮ್ಮಕ್ಕ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಬಳಿ ಮೇಲೆ ಕೂರಿಸಿದಳು, ನೀರು ಕೊಟ್ಟಳು, ಆಮೇಲೆ ಬೈದಳು.

"ಇವರಪ್ಪ ಹೋದಾಗ ಹೆಸ್ರು ತೆಗೆಸಿದ್ದು ನಾನೇ ಕಣ್ರೀ. ಅತ್ಕಂತಾನೇ ಹೆಬ್ಬೆಟ್ಟು ಒತ್ತಿ ಬಂದೆ. ಈಗ ಬದುಕಿರೋ ಮಗಳ ಹೆಸ್ರು ತೆಗಿ ಅಂತೀರಲ್ಲ, ನ್ಯಾಯ ಐತಾ?"

"ತೆಗೆಯೋದಲ್ಲಮ್ಮ, ಗಂಡನ ಮನೆಗೆ ಕಳಿಸೋದು" ಎಂದೆ.

"ಕಳಿಸೋದಾದ್ರೆ ಹಿಂಗೇ ಬರಿಗೈಲಿ ಕಳಿಸ್ತಾರಾ?"

"ಏನವ್ವಾ, ಇನ್ನೊಂದು ಸಲ ಮದುವೆ ಮಾಡ್ತೀಯೇನು? ಅದೇ ಗಂಡ ಅಂದ್ರೆ ನಾ ಒಲ್ಲೆ ಮತ್ತೆ!" ಎಂದಳು ಓಬಕ್ಕ.

"ಸುಮ್ಕಿರೇ!" ಎಂದು ನಗುತ್ತಲೇ ತಿಮ್ಮಕ್ಕ ಒಳಗೆ ಹೋದಳು. ಹೊರಗೆ ಬಂದಾಗ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲ. ಮಗಳನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಸೆರಗಿಗೆ ಮಡಿಲಕ್ಕಿ ಹಾಕಿದಳು. ಅದೂ ರೇಷನ್ ಅಕ್ಕಿಯೇ. ಹಾಕುತ್ತಿದ್ದಂತೆ ಅವಳ ಬೆರಳು ಒಂದು ಕಲ್ಲನ್ನು ಆರಿಸಿ ಹೊರಗೆಸೆಯಿತು.

"ಪದ" ಎಂದಳು. ನಡಿ ಎಂದು. ಆಂಧ್ರದ ಗಡಿ ಊರು. ಇಂಥ ಹೊತ್ತಿನಲ್ಲಿ ಅವಳಿಗೆ ತೆಲುಗೇ ಬರುವುದು.

ರೇಷನ್ ಕಾರ್ಡಿನ ಕೆಲಸ ನಡೆಯುವ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಹೆಬ್ಬೆಟ್ಟು ಇಡುವ ಮೊದಲು ಅಲ್ಲಿದ್ದವನನ್ನು ಕೇಳಿದಳು: "ಏನಂತ ಬರೀತೀಯಪ್ಪಾ?"

"ಮದುವೆ ಆಗೈತೆ ಅಂತ."

"ಹಂಗೇ ಬರಿ. ಬೇರೆ ಏನೂ ಬರೀಬ್ಯಾಡ."

ಹೆಸರು ಹೋಯಿತು. ಎಷ್ಟು ಹೊತ್ತು ಹಿಡಿಯಿತು ಅಂತೀರಿ? ತಿಮ್ಮಕ್ಕ ಕೈ ಒರೆಸಿಕೊಳ್ಳುವಷ್ಟು.

ಸಿಕ್ಕ ಬಸ್ ಹಿಡಿದು ಚಳ್ಳಕೆರೆಗೆ ಓಡಿ ಬಂದೆವು. ಇಲ್ಲಿನ ಸೆಂಟರ್ ಇನ್ನೂ ತೆರೆದಿತ್ತು. ಗೋಡೆಯ ಬೋರ್ಡನ್ನು ಪೂರ್ತಿ ಓದಿದೆ. (ಕಾನ್ವೆಂಟಿನ ಸಿಸ್ಟರ್‌ಗಳು ಹಚ್ಚಿದ ಅಭ್ಯಾಸ, ಕಂಡ ಬೋರ್ಡನ್ನೆಲ್ಲ ಓದುವುದು.) ಸೇರ್ಪಡೆ, ತಿದ್ದುಪಡಿ, ತೆಗೆಯುವುದು, ಎಲ್ಲ ಇತ್ತು.

"ಸೇರ್ಪಡೆ ಬಂದ್ ಐತೆ ಮೇಡಂ. ಮೇಲಿಂದಾನೇ ಓಪನ್ ಆಗಿಲ್ಲ" ಎಂದ ಕೌಂಟರಿನವನು.

"ಯಾವಾಗ ಆಗುತ್ತೆ?"

"ಹೇಳಾಕೆ ಬರಲ್ಲ. ಬಿಟ್ಟಾಗ ಬರ್ರಿ."

"ಹಾಗಾದರೆ ಅಲ್ಲಿ ತೆಗೆದರಲ್ಲ ಇವತ್ತೇ?"

"ಡಿಲೀಟ್ ಯಾವಾಗ್ಲೂ ಓಪನ್ನೇ ಮೇಡಂ."

ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅವನು ಸ್ಕ್ರೀನಿನಲ್ಲಿ ಕಂಡದ್ದು ಹೇಳಿದ. ಓಬಕ್ಕ ಮಡಿಲಕ್ಕಿಯ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಅಳಲಿಲ್ಲ. "ಬೆಳಿಗ್ಗೆ ಒಂದು ಕಾರ್ಡಲ್ಲಾದ್ರೂ ಇದ್ದೆ ಅಕ್ಕಾ" ಎಂದಳು, ಅಷ್ಟೇ. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಾವು ಪೇಟೆಯವರು ಸುಲಭವಾಗಿ ಹೇಳಿಬಿಡುತ್ತೇವೆ: ಇವರಿಗೆ ತಿಳಿವಳಿಕೆ ಇಲ್ಲ, ಹೇಳಿದ್ದು ಕೇಳುವುದಿಲ್ಲ. ಅವತ್ತು ಆ ತಾಯಿ ಕೇಳಿದಳಲ್ಲ? ಶಾಸ್ತ್ರ ಮಾಡಿ, ಮನಸ್ಸು ಗಟ್ಟಿ ಮಾಡಿ, ಹೆಬ್ಬೆಟ್ಟು ಕೊಟ್ಟಳಲ್ಲ? ಅಕ್ಕಿ ಕೊಡುವ ಯೋಜನೆ ಒಳ್ಳೆಯದೇ. ಕೊಡುವ ಮನಸ್ಸೂ ಇದೆ ಎಂದೇ ನಂಬುತ್ತೇನೆ. ಆದರೆ ಹೆಸರು ಗಂಡನ ಮನೆಯ ಕಾರ್ಡಿಗೆ ಸೇರಿದ ಮೇಲೆ ತವರಿನಲ್ಲಿ ತಾನಾಗಿ ಬಿಟ್ಟುಹೋಗಲಿ ಎಂದು ಆ ಕಂಪ್ಯೂಟರಿಗೆ ಹೇಳಿಕೊಡುವುದು ಅಷ್ಟು ಕಷ್ಟವೇ? ನಮ್ಮಲ್ಲಿ ಹೆಣ್ಣುಮಕ್ಕಳೆಲ್ಲ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವವರೇ. ಇದು ಯಾರಿಗೂ ಹೊಸ ಸುದ್ದಿಯಲ್ಲವಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುಮ್ತಾಜ್ ಆಪಾ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅವರ ಯಜಮಾನರಿಗೆ ಬೈಕ್ ರಿಪೇರಿ ಅಂಗಡಿ. ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ, ನನ್ನ ಕಡೆ ನೋಡದೆಯೇ ಅಂದರು:

"ಹೋದ ತಿಂಗಳು ನಮ್ಮನೆಯವರು ಸಿಮ್ ಕಂಪನಿ ಬದಲಾಯಿಸಿದ್ರು ನೋಡ್ರಿ. ಹೊಸದು ಶುರು ಆಗೋತನಕ ಹಳೇದು ನಡೀತಾನೇ ಇತ್ತು."